ಕಡ್ಡಿ ಕೊಡದ ರೋಜಾಗಿಡ

ಆಗ ನನಗೆ ಐವತ್ತೊಂದು. ಮೂವತ್ತಾರು ವರ್ಷದ ಹಿಂದಿನ ಮಾತು. ಕೂಡಿಸಿ ನೋಡುವ ಕಷ್ಟ ನಿಮಗೆ ಬೇಡ, ಈಗ ಎಂಬತ್ತೇಳು. ಹಲ್ಲು ಆರು, ಕಣ್ಣು ಒಂದೂವರೆ, ಬಾಯಿ ಮಾತ್ರ ಪೂರ್ತಿ ಇದೆ. ರೋಜಾಗಿಡ ಬೆಳೆಸುವುದು ಹೇಗೆ ಅಂತ ಹೇಳಿಕೊಡುವವರು ನಿಮಗೆ ಬೇಕಾದಷ್ಟು ಮಂದಿ ಸಿಗುತ್ತಾರೆ. ಸಾಯಿಸುವುದು ಹೇಗೆ ಅಂತ ಯಾರೂ ಹೇಳುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತು, ಹಾಗಾಗಿ ಬರೆಯುತ್ತಿದ್ದೇನೆ.

ನಾನು ಬರೆಯುತ್ತೇನೆ ಅಂದರೆ ನಮ್ಮ ಬೀದಿಯವರು ನಗುತ್ತಾರೆ. ನಾನು ಹುಟ್ಟಿದ್ದು ಕೊಳ್ಳೇಗಾಲದಲ್ಲಿ. ಆಗ ಅದೂ ಕೋಯಮತ್ತೂರು ಜಿಲ್ಲೆಯೇ. ಎರಡನೇ ಕ್ಲಾಸಿನ ತನಕ ಕನ್ನಡ ಅಕ್ಷರ ತಿದ್ದಿದೆ, ಹದಿನಾರಕ್ಕೆ ಮದುವೆಯಾಗಿ ಅದೇ ಜಿಲ್ಲೆಯ ಅನ್ನೂರಿನ ಹತ್ತಿರದ ಈ ನೇಕಾರರ ಬೀದಿಗೆ ಬಂದೆ. ಇಲ್ಲಿ ಹೊಸಿಲ ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಓದಲು ಬರುವವಳು ಬೀದಿಗೆಲ್ಲ ನಾನೊಬ್ಬಳೇ. ಒಂದು ಅನುಕೂಲ ಅಂದರೆ, ನಾನು ತಪ್ಪು ಬರೆದರೆ ಹಿಡಿಯುವವರಿಲ್ಲ.

ನಾನು ಸಾಯಿಸಿದ್ದು ಸಂತೆಯಲ್ಲಿ ಸಿಗುವ ಗಿಡವಲ್ಲ. ಅದನ್ನು ಈ ಮನೆಗೆ ತಂದವಳು ನನ್ನ ಓರಗಿತ್ತಿ ನಂಜಕ್ಕ, ನಮ್ಮ ಭಾವನ ಹೆಂಡತಿ. ಅವಳ ಅಪ್ಪ ಮೆಟ್ಟುಪಾಳ್ಯದ ಆಚೆ, ಬೆಟ್ಟದ ಬುಡದಲ್ಲಿ ಯಾವನೋ ಬಿಳಿ ದೊರೆಯ ಬಂಗಲೆಗೆ ಟವಲು ನೇಯ್ದು ಒಯ್ದು ಕೊಡುತ್ತಿದ್ದನಂತೆ. ದೊರೆ ತನ್ನ ದೇಶಕ್ಕೆ ಹೊರಟಾಗ ತೋಟದ ಮಾಲಿ ಒಂದು ಕಡ್ಡಿ ಮುರಿದು ಕೊಟ್ಟನಂತೆ. ಅದು ಅವಳ ತೌರಲ್ಲಿ ಗಿಡವಾಯಿತು, ಅದರ ಕಡ್ಡಿ ನಂಜಕ್ಕನ ಮದುವೆಯ ಸಾಮಾನಿನ ಜೊತೆ ಸಗಣಿ ಉಂಡೆಯಲ್ಲಿ ಸಿಕ್ಕಿಸಿಕೊಂಡು ಇಲ್ಲಿಗೆ ಬಂತು. ಆಮೇಲೆ ತೌರಿನ ಮನೆ ಮಾರಿಹೋಯಿತು, ಗಿಡ ಇದ್ದ ಜಾಗದಲ್ಲಿ ಯಾರೋ ಹತ್ತಿ ಗೋದಾಮು ಕಟ್ಟಿದರು. ಉಳಿದದ್ದು ನಮ್ಮ ಹಿತ್ತಿಲಿನದೊಂದೇ. ಬೀದಿಯವರು ಅದಕ್ಕೆ ದೊರೆ ರೋಜಾ ಅನ್ನುತ್ತಿದ್ದರು.

ಹೂವು ದೊಡ್ಡದೇನಲ್ಲ. ಹಸುಗೂಸಿನ ಅಂಗಾಲಿನ ಬಣ್ಣ. ಈಗಿನ ರೋಜಾದ ಹಾಗೆ ಕೊಕ್ಕು ಚಾಚಿಕೊಂಡು ನೆಟ್ಟಗೆ ನಿಲ್ಲುವ ಜಂಬ ಇಲ್ಲ. ಚಪ್ಪಟೆಯಾಗಿ ಬಿರಿಯುತ್ತಿತ್ತು. ಸಣ್ಣ ಪೆಟ್ಟಿಗೆಯಲ್ಲಿ ಹತ್ತು ಸೀರೆ ತುರುಕಿದ ಹಾಗೆ ಎಸಳಿನೊಳಗೆ ಎಸಳು, ನಾಲ್ಕು ಪಾಲಾಗಿ ಮಡಚಿಕೊಂಡು, ಸರಿ ನಡುವೆ ಒಂದು ಹಸಿರು ಚುಕ್ಕೆ. ತೊಟ್ಟಿಗೆ ತಲೆ ಹೊರುವ ತಾಕತ್ತಿಲ್ಲದೆ ಬಾಗಿಕೊಂಡೇ ಇರುತ್ತಿತ್ತು. ಬಿಸಿಲು ಏರಿದರೆ ಎಸಳು ಉದುರಿ ಕೆಲಸ ಮುಗಿಯಿತು. ಆದರೆ ವಾಸನೆ! ಹಿತ್ತಿಲಲ್ಲಿ ಒಂದು ಬಿರಿದರೆ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತ ನಮ್ಮ ಯಜಮಾನರು "ಇವತ್ತು ಒಂದು" ಅನ್ನುತ್ತಿದ್ದರು. ಎರಡು ಬಿರಿದರೆ "ಎರಡು" ಅನ್ನುತ್ತಿದ್ದರು. ಮೂಗಿನಲ್ಲೇ ಎಣಿಸುತ್ತೇನೆ ಅಂತ ಬಡಾಯಿ. ಬೆಳಿಗ್ಗೆ ಹಲ್ಲುಜ್ಜುವಾಗ ನೋಡಿ ಬಂದಿರುತ್ತಿದ್ದರು ಅನ್ನುವುದು ನನಗೆ ಗೊತ್ತಿತ್ತು. ಹೇಳಲಿಲ್ಲ. ಗಂಡಸಿಗೆ ಒಂದೆರಡು ಬಡಾಯಿ ಬಿಟ್ಟುಕೊಡಬೇಕು.

ನಮ್ಮ ಮನೆಯಲ್ಲಿ ಆ ಗಿಡಕ್ಕೆ ಒಂದು ಕಟ್ಟಳೆ ಇತ್ತು. ಹಿರಿಸೊಸೆ ಮಾತ್ರ ಅದಕ್ಕೆ ಕತ್ತಿ ತಾಗಿಸಬೇಕು. ಕಿರಿಯವಳು ನೀರು ಹುಯ್ಯಬಹುದು, ಅಷ್ಟೇ. ಹೀಗಾಗಿ ಮೂವತ್ತು ವರ್ಷಕ್ಕೂ ಮೇಲೆ ನಾನು ನೀರು ಹುಯ್ದವಳು. ನೀರು ಅಂದರೆ ಬರೀ ನೀರಲ್ಲ, ಗಂಜಿ. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಮಗ್ಗಕ್ಕೆ ಉದ್ದುದ್ದ ಹಾಯಿಸುವ ಹಾಸಿನ ನೂಲನ್ನು ಬೀದಿ ಉದ್ದಕ್ಕೂ ಎಳೆದು ಕಟ್ಟಿ, ಕುಂಚದಲ್ಲಿ ಗಂಜಿ ಸವರುತ್ತಿದ್ದೆವು, ನೂಲು ಗಟ್ಟಿಯಾಗಲಿ ಅಂತ. ಮಡಕೆಯ ತಳದಲ್ಲಿ ಉಳಿದದ್ದಕ್ಕೆ ನೀರು ಬೆರೆಸಿ ರೋಜಾದ ಬುಡಕ್ಕೆ. ನೂಲು ಕುಡಿದು ಮಿಕ್ಕದ್ದನ್ನು ಹೂವು ಕುಡಿಯುತ್ತಿತ್ತು. ನಮ್ಮ ಬೀದಿಯಲ್ಲಿ ಹಾಗೇ, ಯಾವುದೂ ಚರಂಡಿಗೆ ಹೋಗುವುದಿಲ್ಲ.

ಭಾವ ತೀರಿಹೋದ ಮರುವರ್ಷ ನಂಜಕ್ಕನಿಗೆ ಬಲಗೈ ಬಲಗಾಲು ಬಿದ್ದುಹೋದವು. ಮಾತು ಉಳಿಯಿತು, ಸ್ವಲ್ಪ ಎಳೆದ ಹಾಗೆ. ನಡುಮನೆಯಲ್ಲಿ ಹಗ್ಗದ ಮಂಚ. ಅವಳಿಗೆ ಮಕ್ಕಳಿಲ್ಲ. ನೋಡಿಕೊಂಡವಳು ನಾನು. ಇದನ್ನು ಹೊಗಳಿಕೆಗೆ ಹೇಳುತ್ತಿಲ್ಲ, ಬೇರೆ ಯಾರೂ ಇರಲಿಲ್ಲ. ದಿನಾ ಬೆಳಿಗ್ಗೆ ಮುಖ ತೊಳೆಸಿ, ತಲೆ ಬಾಚಿ, ಒಂದು ದೊರೆ ರೋಜಾ ಅವಳ ಎಡಗೈಗೆ ಕೊಡಬೇಕು. ಮೂಸಿ ನೋಡಿ, ಕಿವಿಯ ಹಿಂದೆ ಸಿಕ್ಕಿಸಿಕೊಂಡರೆ ಅವಳಿಗೆ ದಿನ ಶುರುವಾದ ಹಾಗೆ. ಹೂವಿಲ್ಲದ ದಿನ ಒಂದು ಮೊಗ್ಗಾದರೂ, ಎಲೆಯಾದರೂ.

ಒಂದು ದಿನ ಬೆಳಿಗ್ಗೆ ಅವಳು ತಲೆದಿಂಬಿನ ಕೆಳಗಿಂದ ಸಣ್ಣ ಕತ್ತಿ ತೆಗೆದು ಕೊಟ್ಟಳು. "ಕೊಳ್ಳೇಗಾಲದವಳೇ," ಅಂದಳು, ನನ್ನ ಹೆಸರು ಅವಳ ಬಾಯಲ್ಲಿ ಬರುತ್ತಿದ್ದುದು ಕಡಿಮೆ, "ಇನ್ಮೇಲೆ ನೀನೇ. ಮೊದಲ ಕೆಲಸ, ಪಕ್ಕದ ಮನೆ ಪಳನಿಯಮ್ಮನಿಗೆ ಒಂದು ಕಡ್ಡಿ ಕೊಟ್ಟುಬಿಡು. ಇಷ್ಟು ವರ್ಷ ಕೇಳಿದಾಳೆ, ನಾನು ಕೊಡ್ಲಿಲ್ಲ. ಒಂದೇ ಕಡೆ ಇದ್ರೆ ನಾಳೆ ಏನಾದ್ರೂ ಆದೀತು."

"ಸರಿ" ಅಂದೆ. ಕೊಡಲಿಲ್ಲ. ನಾಲ್ಕು ದಿನ ಬಿಟ್ಟು "ಕೊಟ್ಯಾ?" ಅಂದಳು. "ಕೊಟ್ಟೆ" ಅಂದೆ.

ಏಕೆ ಹಾಗಂದೆ ಅಂತ ಆಮೇಲೆ ಎಷ್ಟೋ ಸಲ ಯೋಚನೆ ಮಾಡಿದ್ದೇನೆ. ದೊಡ್ಡ ಕಾರಣ ಹುಡುಕಿದರೆ ಸಿಗುವುದಿಲ್ಲ. ಮೂವತ್ತು ವರ್ಷ ಮಡಕೆ ಹೊತ್ತವಳ ಕೈಗೆ ಕತ್ತಿ ಬಂದಿತ್ತು, ಅಷ್ಟೇ. ಬೀದಿಯಲ್ಲಿ ಯಾರಿಗೂ ಇಲ್ಲದ್ದು ನನಗೊಬ್ಬಳಿಗೆ ಇತ್ತು. ಒಡವೆ ಇದ್ದವರು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುತ್ತಾರೆ, ಹೂವು ಇರುವವಳು ಬೇಲಿಯೊಳಗೆ ಇಟ್ಟುಕೊಂಡರೆ ತಪ್ಪೇನು ಅಂತ ನನ್ನ ಲೆಕ್ಕಾಚಾರ. ಒಡವೆಗೆ ಬೇರಿಲ್ಲ, ಅದು ಒಣಗುವುದಿಲ್ಲ ಅನ್ನುವುದು ಹೊಳೆಯಲಿಲ್ಲ.

ಪಳನಿಯಮ್ಮ ಒಕ್ಕಲು ಮನೆಯ ತಮಿಳು ಹೆಂಗಸು. ನನಗಿಂತ ಒಂದೆರಡು ವರ್ಷ ಚಿಕ್ಕವಳು. ಹಸು, ಆಡು, ಒಬ್ಬ ಜೋರುಬಾಯಿ ಅತ್ತೆ ಅವಳ ಸಂಸಾರ. ನಮ್ಮ ಗಿಡಕ್ಕೆ ಗೊಬ್ಬರ ಅವಳ ಕೊಟ್ಟಿಗೆಯದೇ. "ನನ್ನ ಸಗಣಿ ಅಷ್ಟೂ ನಿಮ್ಮ ಗಿಡದ ಹೊಟ್ಟೆಯಲ್ಲಿ ಇರುತುಂಗ, ನನಗೊಂದು ಕಡ್ಡಿ ಇಲ್ಲವಾ?" ಅಂತ, ತಮಿಳಿನ ಮರ್ಯಾದೆಯ 'ಉಂಗ' ಸೇರಿಸಿ, ನಗುತ್ತಲೇ ಕೇಳುತ್ತಿದ್ದಳು. "ಆಷಾಢ ಕಳೀಲಿ" ಅನ್ನುತ್ತಿದ್ದೆ. ಆಷಾಢ ಕಳೆದರೆ "ಮಳೆ ಬರಲಿ." ಮಳೆ ಬಂದರೆ "ಈಗ ಬೇರು ಕೊಳೆಯುತ್ತೆ." ಇಲ್ಲ ಅನ್ನುವುದಕ್ಕೆ ವರ್ಷದ ಹನ್ನೆರಡು ತಿಂಗಳೂ ನನಗೆ ಸಹಾಯ ಮಾಡಿದವು.

ಇನ್ನೊಬ್ಬರಿಗೂ ಕೊಡಲಿಲ್ಲ. ಕೋಯಮತ್ತೂರಿಂದ ಗಿಡಗಳ ವಿಷಯ ಓದಿದ ಒಬ್ಬ ಮೇಷ್ಟ್ರು ಯಾರೋ ಹೇಳಿದರು ಅಂತ ಟೌನ್ ಬಸ್ಸು ಹತ್ತಿ ಹುಡುಕಿಕೊಂಡು ಬಂದರು. ಕನ್ನಡಕ ಹಣೆಗೇರಿಸಿ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದು ಹೂವಿನ ಎಸಳು ಎಣಿಸತೊಡಗಿದರು. ಗಾಳಿ ಬೀಸಿತು, ಲೆಕ್ಕ ತಪ್ಪಿತು. ಅವರು ಹೇಳಿದ್ದರಲ್ಲಿ ನನಗೆ ನೆನಪಿರುವುದು ಇಷ್ಟು: ಈಗ ನರ್ಸರಿಯಲ್ಲಿ ಮಾರುವುದು ಕಸಿ ಕಟ್ಟಿದ ಗಿಡ, ಬೇರು ಒಬ್ಬರದು ತಲೆ ಇನ್ನೊಬ್ಬರದು, ಇದು ಹಾಗಲ್ಲ, ತನ್ನ ಬೇರಿನ ಮೇಲೆ ತಾನೇ ನಿಂತ ಹಳೇ ಜಾತಿ, ಇಂಥವು ಬಿಳಿಯರ ತೋಟದ ಜೊತೆ ಬಂದವು, ತೋಟದ ಜೊತೆಯೇ ಹೋಗುತ್ತಿವೆ, ಇದಕ್ಕೆ ಫ್ರಾನ್ಸ್ ದೇಶದ ಯಾವಳೋ ದೊಡ್ಡ ಮನೆ ಹೆಂಗಸಿನ ಹೆಸರಿರಬೇಕು. ಹೆಸರು ಹೇಳಿದರು, ನನ್ನ ನಾಲಿಗೆಯಲ್ಲಿ ಅದು ನಿಲ್ಲಲಿಲ್ಲ. ನಮ್ಮ ಹಿತ್ತಿಲಲ್ಲಿ ಅಷ್ಟು ವರ್ಷ ಗಂಜಿ ಕುಡಿದುಕೊಂಡಿದ್ದವಳು ಫ್ರಾನ್ಸಿನ ಹೆಂಗಸು! ಮೇಷ್ಟ್ರು ಕೈಮುಗಿದು ಎರಡು ಕಡ್ಡಿ ಕೇಳಿದರು. ಎರಡು ಲೋಟ ಮಜ್ಜಿಗೆ ಕೊಟ್ಟು ಕಳಿಸಿದೆ. ಅವರು ಹೋದ ಮೇಲೆ ನನ್ನ ಜಂಬ ಇನ್ನೂ ಒಂದು ಗೇಣು ಎದ್ದಿತು.

ಇನ್ನು ಸಾಯಿಸಿದ ವಿಷಯ. ಆ ವರ್ಷಗಳಲ್ಲಿ ನೂಲು ಕೊಡುವ ಸಾಹುಕಾರರದ್ದು ಒಂದೇ ದೂರು, ಗಂಜಿ ಹಾಕಿದ ಹಾಸಿನ ನೂಲಿಗೆ ಬೂಷ್ಟು ಹಿಡಿಯುತ್ತದೆ ಅಂತ. ಬೀದಿಯಲ್ಲಿ ಒಬ್ಬೊಬ್ಬರಾಗಿ ಗಂಜಿಗೆ ಮೈಲುತುತ್ತ ಹಾಕಲು ಕಲಿತರು. ಕಲ್ಲುಸಕ್ಕರೆ ಥರ ಹರಳು, ಬಣ್ಣ ಮಾತ್ರ ನವಿಲಿನ ಕತ್ತು. ಒಂದು ಚಿಟಿಕೆ ಅಂದರು, ನಾವು ಒಂದು ಹಿಡಿ ಹಾಕಿದೆವು. ಬೂಷ್ಟು ಹೋಯಿತು. ಮಡಕೆಯ ತಳದಲ್ಲಿ ಉಳಿದದ್ದನ್ನು ನಾನು ಎಂದಿನ ಹಾಗೆ ಗಿಡಕ್ಕೆ ಹುಯ್ದೆ. ಗೊತ್ತಿಲ್ಲದೆ ಹುಯ್ದೆ ಅಂತ ಹೇಳಿಕೊಳ್ಳುವ ಹಾಗೂ ಇಲ್ಲ. ಗೊತ್ತಿದ್ದೇ ಹುಯ್ದೆ. ಮೆಟ್ಟುಪಾಳ್ಯದ ಕಡೆ ಅಡಿಕೆ ತೋಟದವರು ಇದೇ ತುತ್ತ ಕರಗಿಸಿ ಗೊನೆಗೆ ಹೊಡೆಯುತ್ತಾರೆ, ರೋಗ ಬರುವುದಿಲ್ಲ ಅಂತ ಕೇಳಿದ್ದೆ. ಅಡಿಕೆಗೆ ಆಗುವ ಮದ್ದು ರೋಜಾಕ್ಕೆ ಆಗಲ್ಲವಾ? ಅರ್ಧ ತಿಳಿದವಳ ಕೈಯಲ್ಲಿ ಮಡಕೆ ಇರಬಾರದು.

ವರ್ಷ ತುಂಬುವುದರೊಳಗೆ ಎಲೆ ಹಳದಿಯಾಯಿತು. ನರ ಹಸಿರು, ಮೈ ಹಳದಿ. ಮದ್ದು ಸಾಲಲಿಲ್ಲ ಅಂತ ಇನ್ನೂ ಅರ್ಧ ಮಡಕೆ ಹೆಚ್ಚಿಗೆ ಹುಯ್ದೆ. ಮೊಗ್ಗು ಬಿರಿಯದೆ ತೊಟ್ಟಲ್ಲೇ ಕಂದತೊಡಗಿತು. ಆಗ ನನ್ನ ಬುದ್ಧಿಗೆ ಹೊಳೆದದ್ದು ಒಂದೇ, ಕಣ್ಣು ಬಿದ್ದಿದೆ. ಯಾರ ಕಣ್ಣು? ದಿನಾ ಬೇಲಿಯಾಚೆಯಿಂದ ನೋಡುವವಳ ಕಣ್ಣು. ಗಿಡಕ್ಕೆ ಹಳೇ ಚಪ್ಪಲಿ ಕಟ್ಟಿದೆ, ನಿಂಬೆಹಣ್ಣು ಕಟ್ಟಿದೆ. ಅದೂ ಸಾಲದೆ ಪಳನಿಯಮ್ಮ ಸಗಣಿ ಬುಟ್ಟಿ ಹೊತ್ತು ಬಂದಾಗ ಬೇಲಿಯ ಹತ್ತಿರವೇ ನಿಲ್ಲಿಸಿ, "ನಿನ್ನ ಕಣ್ಣಿಂದಲೇ ನನ್ನ ಗಿಡ ಹಾಳಾಗಿದ್ದು" ಅಂದೆ.

ಅವಳು ಬುಟ್ಟಿ ಕೆಳಗಿಟ್ಟಳು. "ನನ್ನ ಕಣ್ಣಿಗೆ ಅಷ್ಟು ಶಕ್ತಿ ಇದ್ದಿದ್ದರೆ ನಮ್ಮತ್ತೆ ಎಂದೋ ಹೋಗಿರುತ್ತಿದ್ದಳು, ಅಕ್ಕಾ" ಅಂದಳು. ಬುಟ್ಟಿ ಎತ್ತಿಕೊಂಡು ವಾಪಸ್ಸು ಹೋದಳು. ಆಮೇಲೆ ಸಗಣಿಯೂ ಇಲ್ಲ, ಮಾತೂ ಇಲ್ಲ. ಆಗ ನನಗೆ ನಗು ಬರಲಿಲ್ಲ. ಈಗ ಬರುತ್ತೆ. ಈಗ ನಕ್ಕು ಏನು ಪ್ರಯೋಜನ.

ಕಂಡುಹಿಡಿದವರು ನಮ್ಮ ಯಜಮಾನರು. ಒಂದು ದಿನ ಮಗ್ಗದಿಂದ ಎದ್ದು ಹಿತ್ತಿಲಿಗೆ ಬಂದವರು ಗಿಡದ ಬುಡದಲ್ಲಿ ಕಾಲ್ಬೆರಳಿಂದ ಕೆದಕಿದರು. ಮಣ್ಣಿನ ಮೇಲೆ ಹಸಿರುನೀಲಿ ಹೆಪ್ಪು.

"ತುತ್ತದ ಗಂಜಿ ಹುಯ್ದೆಯಾ?"

"ಮದ್ದಲ್ಲವಾ?"

"ಬೂಷ್ಟು ಸಾಯಲಿ ಅಂತ ಹಾಕೋದು ಕಣೇ. ಸಾಯಿಸೋ ಮದ್ದಿಗೆ ಬೂಷ್ಟು ಯಾವುದು, ಬೇರು ಯಾವುದು ಅಂತ ಗೊತ್ತಾಗುತ್ತಾ?"

"ಮೊದಲೇ ಹೇಳಬಾರದಿತ್ತಾ?"

"ನೀನು ಹುಯ್ಯೋದನ್ನ ನಾನು ಯಾವತ್ತು ನೋಡಿದ್ದೆ? ನಾನು ನೋಡ್ತಿದ್ದದ್ದು ಹೂವನ್ನ" ಅಂದರು. ಒಳಗೆ ಹೋಗಿ ಮಗ್ಗದಲ್ಲಿ ಕೂತರು.

ಮಣ್ಣು ಅಗೆದು ತೆಗೆದೆ. ಹೊಸ ಮಣ್ಣು ಹಾಕಿದೆ. ಕೊಡಗಟ್ಟಲೆ ನೀರು ಹುಯ್ದು ತೊಳೆದೆ. ಇನ್ನೂ ಹಸಿರು ಅಂತ ಕಂಡ ಕಡೆಯಿಂದ ಹನ್ನೊಂದು ಕಡ್ಡಿ ಕತ್ತರಿಸಿ, ತುದಿಗೆ ಬೇರೆ ಮನೆಯಿಂದ ಬೇಡಿ ತಂದ ಸಗಣಿ ಮೆತ್ತಿ, ನೆರಳಲ್ಲಿ ನೆಟ್ಟೆ. ಕತ್ತಿ ನನ್ನ ಕೈಗೆ ಬಂದ ಮೇಲೆ ನಾನು ಕಡ್ಡಿ ನೆಟ್ಟದ್ದು ಅದೇ ಮೊದಲು. ಎರಡು ವಾರಕ್ಕೆ ಹನ್ನೊಂದೂ ಬುಡದಿಂದ ಕಪ್ಪಾದವು. ತಾಯಿಗಿಡದ ಕೊನೆಯ ಎಲೆಯೂ ಉದುರಿತು. ಮನುಷ್ಯರು ಸತ್ತರೆ ಹೊತ್ತುಕೊಂಡು ಹೋಗುತ್ತಾರೆ, ಕಣ್ಣ ಮುಂದೆ ಇರುವುದಿಲ್ಲ. ಗಿಡ ಸತ್ತ ಮೇಲೂ ಅಲ್ಲೇ ನಿಂತಿರುತ್ತದೆ. ಬೆಳಿಗ್ಗೆ ಹಿತ್ತಿಲ ಬಾಗಿಲು ತೆಗೆದರೆ ಅದೇ, ಸಂಜೆ ಮುಚ್ಚಿದರೆ ಅದೇ. ಊರಲ್ಲಿ ಇನ್ನೆಲ್ಲೂ ಇಲ್ಲ ಅಂತ ಜಂಬ ಪಟ್ಟಿದ್ದೆನಲ್ಲ, ಆ ಮಾತು ಮುಳ್ಳಿನ ಜೊತೆ ನಿಂತು ನನ್ನನ್ನೇ ನೋಡುತ್ತಿತ್ತು. ಆ ಮೇಷ್ಟ್ರ ಹೆಸರು, ಊರು ಕೇಳಿಟ್ಟುಕೊಂಡಿರಲಿಲ್ಲ. ಕೇಳಿಟ್ಟುಕೊಂಡಿದ್ದರೂ ಏನು, ಅವರ ಹತ್ತಿರ ಇದ್ದದ್ದು ನನ್ನ ಮಜ್ಜಿಗೆ ಮಾತ್ರ.

ಅಕ್ಕನಿಗೆ ದಿನಾ ಹೂವು ಬೇಕಲ್ಲ. ಬಸ್ ಸ್ಟ್ಯಾಂಡಿನ ಹೂವಿನವಳ ಹತ್ತಿರ ಬೆಟ್ಟದಿಂದ ಇಳಿಯುವ ಊಟಿ ರೋಜಾ ತಂದೆ. ಕೆಂಪು, ನೀಟು, ಎಲ್ಲವೂ ಒಂದೇ ಅಚ್ಚು, ಮೂಗಿಟ್ಟರೆ ಒದ್ದೆ ಕಾಗದ. ಹೀಗಾಗಿ ಅದರ ಮೇಲೆ ಅಂಗಡಿಯ ಪನ್ನೀರು ಚಿಮುಕಿಸಿದೆ. ಆ ಎಸಳು ಕಿತ್ತು ಬಿಡಿಸಿ, ಚಪ್ಪಟೆ ಮಾಡಿ, ಮಬ್ಬುಬೆಳಕಲ್ಲಿ ಅವಳ ಕೈಗಿಟ್ಟೆ. ಐವತ್ತೊಂದು ವರ್ಷದ ಹೆಂಗಸು ಮಾಡುವ ಕೆಲಸವಾ ಅದು, ನೀವೇ ಹೇಳಿ.

ಅಕ್ಕ ಮೂಸಿದಳು. "ಏನೇ ಇದು, ಮದುವೆ ಛತ್ರದ ಬಾಗಿಲಲ್ಲಿ ನಿಂತ ಹಾಗಿದೆ?" ಅಂದಳು. ನಾನು ಸೊಳ್ಳೆಪರದೆ ಮಡಚುವ ನೆವ ಮಾಡಿದೆ. "ಗಿಡ ಹೋಯ್ತಾ?"

"ಹೋಯ್ತು."

ಅವಳು ಅಳುತ್ತಾಳೆ, ಬೈಯುತ್ತಾಳೆ ಅಂತ ಕಾದೆ. ಅವಳು ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ಸಮಾಧಾನ ಹೇಳಿದಳು. "ವಯಸ್ಸಾಗಿತ್ತು, ಹೋಗ್ಲಿ ಬಿಡು. ಪಳನಿಯಮ್ಮನ ಮನೇಲಿ ಐತಲ್ಲ. ಒಂದು ಕಡ್ಡಿ ಇಸ್ಕೊಂಡು ಬಾ. ನೋಡು, ಅವತ್ತು ಕೊಟ್ಟಿದ್ದು ಎಷ್ಟು ಒಳ್ಳೇದಾಯ್ತು."

"ಕೊಟ್ಟೆ" ಅಂತ ಅಂದಿದ್ದೆನಲ್ಲ, ಎರಡಕ್ಷರ.

ಅಮಾವಾಸ್ಯೆ ಕಳೀಲಿ ಅಂದೆ. ಕಳೆಯಿತು. ಪಳನಿಯಮ್ಮನ ಹಸು ಕರು ಹಾಕಿದೆ, ಗಡಿಬಿಡಿಯಲ್ಲಿದ್ದಾಳೆ ಅಂದೆ. ಪಳನಿಯಮ್ಮನಿಗೆ ಹೇಳಿದ ಆಷಾಢ, ಮಳೆ ಎಲ್ಲ ಅಕ್ಕನಿಗೂ ಹೇಳಿ ಮುಗಿಸಿದೆ. ಹತ್ತನೇ ದಿನ ಸಂಜೆ ನಾನು ನೀರು ತರಲು ಹೋದಾಗ ಅಕ್ಕ ಕಿಟಕಿಯಿಂದಲೇ ಕೂಗು ಹಾಕಿ ಪಳನಿಯಮ್ಮನನ್ನು ಕರೆಸಿಕೊಂಡಿದ್ದಳು. ನಾನು ಬಿಂದಿಗೆ ಹೊತ್ತು ಬಂದು ನೋಡಿದರೆ ಅವಳು ಮಂಚದ ಪಕ್ಕ ನಿಂತಿದ್ದಾಳೆ. ಬೇಲಿಯ ಜಗಳದ ನಂತರ ನಮ್ಮ ಹೊಸಿಲು ತುಳಿದದ್ದು ಅದೇ ಮೊದಲು.

ಅಕ್ಕ ತಮಿಳಲ್ಲಿ ಕೇಳಿದಳು, ಅದನ್ನು ಕನ್ನಡ ಮಾಡಿ ಹೇಳುತ್ತೇನೆ. "ನಮ್ಮ ದೊರೆ ರೋಜಾ ನಿಮ್ಮನೇಲಿ ಹೂ ಬಿಡ್ತಾ ಇದೆಯಾ, ಪಳನಿ?"

ಪಳನಿಯಮ್ಮ ನನ್ನ ಕಡೆ ನೋಡಿದಳು. ನನ್ನ ಮುಖದಲ್ಲಿ ಏನು ಕಂಡಿತೋ. ಬಿಂದಿಗೆ ಇನ್ನೂ ನನ್ನ ಸೊಂಟದಲ್ಲೇ ಇತ್ತು, ನೀರು ಸೀರೆಯ ಮೇಲೆ ಸುರಿಯುತ್ತಿತ್ತು.

"ಬಿಡ್ತಾ ಇದೆ ಅಕ್ಕಾ," ಅಂದಳು. "ಇವತ್ತು ನಾಲ್ಕು."

"ವಾಸನೆ?"

"ಮನೆಯೆಲ್ಲಾ ವಾಸನೆ. ನಮ್ಮತ್ತೆಗೆ ತಲೆನೋವೇ ಬರುತ್ತೆ ಅಂದ್ರೆ ನೋಡಿ."

ಅಕ್ಕ ನಕ್ಕಳು. ಕೈಕಾಲು ಬಿದ್ದ ಮೇಲೆ ಅವಳ ಹಲ್ಲು ಕಂಡದ್ದು ಆವತ್ತು. "ನಾಳೆ ಬೆಳಿಗ್ಗೆ ನನಗೆ ಒಂದು ಕಳಿಸು" ಅಂದಳು. "ಆಯ್ತುಂಗ" ಅಂತ ಪಳನಿಯಮ್ಮ ಹೊರಗೆ ಬಂದಳು.

ಹಿತ್ತಿಲಲ್ಲಿ ಅವಳ ಕೈ ಹಿಡಿದುಕೊಂಡೆ. ಅವಳು ಕೈ ಬಿಡಿಸಿಕೊಂಡಳು. "ನಿಮಗಾಗಿ ಹೇಳಲಿಲ್ಲ," ಅಂದಳು. "ಮಲಗಿದವಳ ಮುಖ ನೋಡಿ ಹೇಳಿದೆ. ನಾಳೆ ಬಂದು, ಕಟ್ಟು ಬಿಚ್ಚಿಕೊಂಡು ಆಡು ತಿಂದುಬಿಡ್ತು ಅಂತೀನಿ. ಬೇರುಸಮೇತ. ಬೈದರೆ ನನ್ನನ್ನು ಬೈಯಲಿ, ಆಡನ್ನು ಬೈಯಲಿ. ನಿಮ್ಮ ಹೆಸರು ಬರಲ್ಲ."

ನಿಜ ಹೇಳುತ್ತೇನೆ, ಆ ಮಾತು ಕೇಳಿ ನನಗೆ ಹಾಯೆನಿಸಿತು. ಸಂಜೆ ದೀಪ ಹಚ್ಚಿದೆ, ಸಾರು ಮಾಡಿದೆ, ಉಪ್ಪು ಸರಿಯಾಗಿ ಬಿತ್ತು. ಆಡು ಒಳ್ಳೆಯ ಪ್ರಾಣಿ ಅಂತ ಅನ್ನಿಸಿತು. ಅಕ್ಕನ ಬಾಯಿಗೆ ಅನ್ನ ಕಲಸಿ ಇಡುವಾಗ ಅವಳು ಪಳನಿಯಮ್ಮನ ಗುಣಗಾನ ಶುರುಮಾಡಿದಳು. ಎಷ್ಟು ಜೋಪಾನದ ಹೆಂಗಸು, ನಾವು ಎಷ್ಟು ವರ್ಷ ಇಲ್ಲ ಅಂದೆವು, ಅವಳ ಕೈಯಲ್ಲೇ ಉಳಿಯಿತು ನೋಡು, ಅಂತ. ತುತ್ತು ತುತ್ತಿಗೂ ಅದೇ. ನಾಳೆ ಈ ಬಾಯೇ ಆ ಹೆಂಗಸಿಗೆ ಬೈಯುತ್ತೆ, ನಾನು ಪಕ್ಕದಲ್ಲಿ ಕೂತು ತಲೆಯಾಡಿಸಬೇಕು ಅನ್ನುವುದು ಆಗ ಕಣ್ಣಿಗೆ ಕಟ್ಟಿತು. ಕಣ್ಣು ಬಿದ್ದಿದೆ ಅಂತ ಒಂದು ಸಲ, ಆಡು ಬಿಟ್ಟೆ ಅಂತ ಇನ್ನೊಂದು ಸಲ. ಒಬ್ಬಳ ತಲೆಯ ಮೇಲೆ ಎಷ್ಟು ಹೇರಬಹುದು?

ಸತ್ಯ ಹೇಳಿದರೆ ಮನಸ್ಸು ಹಗುರಾಗುತ್ತೆ ಅಂತ ಹೇಳುವವರಿದ್ದಾರೆ. ನನಗೆ ಆಗಲಿಲ್ಲ. ಅಕ್ಕ ಆಮೇಲೆ ಎಂಟು ತಿಂಗಳಿದ್ದಳು. ಅನ್ನ ಬೇಕು, ನೀರು ಬೇಕು, ಹೊರಳಿಸು, ಇಷ್ಟೇ ಮಾತು. ರೋಜಾ ಅನ್ನಲಿಲ್ಲ, ಕೊಳ್ಳೇಗಾಲದವಳೇ ಅಂತಲೂ ಅನ್ನಲಿಲ್ಲ. ಪಳನಿಯಮ್ಮ ದಿನಾ ಬಂದು ಅವಳ ಹತ್ತಿರ ಕೂತು ಹೋಗುತ್ತಿದ್ದಳು. ಆ ಜಾತಿಯ ಗಿಡ ಈಗ ಲೋಕದಲ್ಲಿ ಎಲ್ಲಾದರೂ ಇರಬಹುದು, ಫ್ರಾನ್ಸಿನಲ್ಲಿ ಇದ್ದರೂ ಇರಬಹುದು. ನಾನು ನೋಡಲಿಲ್ಲ. ಹೂವು ಕಂಡಲ್ಲೆಲ್ಲ ಮೂಸುವ ಚಟ ಮಾತ್ರ ಇನ್ನೂ ಬಿಟ್ಟಿಲ್ಲ, ಎಲ್ಲವೂ ಒದ್ದೆ ಕಾಗದ.

ಆ ಆಡಿನ ಮಾತಿನ ಮರುದಿನ ಬೆಳಿಗ್ಗೆ ನಾನು ಹೂವಿಗೆ ಅಂತ ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ. ಪಳನಿಯಮ್ಮ ಬರುವ ಮೊದಲೇ ಅಕ್ಕನ ಮುಖ ತೊಳೆಸಿ, ತಲೆ ಬಾಚಿ, ಅವಳು ಹೂವಿಗೆ ಎಡಗೈ ಚಾಚಿದಾಗ ಆ ಕೈಯನ್ನು ನನ್ನ ಬರಿಗೈಯಲ್ಲಿ ಹಿಡಿದುಕೊಂಡು, ಕಡ್ಡಿ ನಾನು ಕೊಡಲೇ ಇಲ್ಲ ಅಕ್ಕಾ, ಅಂದೆ.